ಗಾಡಿ ಮಿಸ್ಸಿಂಗ್ ಹೊಡೆದರೆ ಏನು ಮಾಡಬೇಕು? ಭಾಗ ಬದಲಿಸುವ ಮೊದಲು ದೋಷ ಹುಡುಕುವ ಕ್ರಮ

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)

ನಮ್ಮ ಹೊಸಪೇಟೆಯಲ್ಲಿ ಎಷ್ಟೋ ಮನೆಗಳು ಕಾರಿನಿಂದಲೇ ನಡೆಯುತ್ತವೆ. ರೈಲ್ವೆ ಸ್ಟೇಷನ್‌ಗೆ ಬಂದಿಳಿದ ಪ್ರವಾಸಿಗರನ್ನು ಹಂಪಿಗೆ ಕರೆದೊಯ್ಯುವುದು, ಗಣಿ ಕೆಲಸದವರನ್ನು ಸಂಡೂರಿಗೆ ಬಿಟ್ಟು ಬರುವುದು, ಮದುವೆ ಮನೆಯವರನ್ನು ಕಂಪ್ಲಿಗೆ ಮುಟ್ಟಿಸುವುದು, ಹೀಗೆ ದಿನವಿಡೀ ಗಾಡಿ ಓಡಿದರೆ ಮಾತ್ರ ಸಂಜೆ ಮನೆಗೆ ದುಡ್ಡು ಬರುತ್ತದೆ. ನನ್ನ ಅಬ್ಬಾ ಕೂಡ ಟ್ಯಾಕ್ಸಿ ಓಡಿಸುತ್ತಾರೆ. ಅಮ್ಮಿಯ ತಮ್ಮ, ಅಂದರೆ ನನ್ನ ಮಾಮು, ಮೆಕ್ಯಾನಿಕ್. ಹೀಗಾಗಿ ನಮ್ಮ ಮನೆಯಲ್ಲಿ ಊಟದ ಹೊತ್ತಿಗೂ ಇಂಜಿನ್ನಿನ ಮಾತೇ.

ಈ ಲೇಖನವನ್ನು ವಿಜ್ಞಾನ ವಿಭಾಗದವರು ಬರೆಯಬೇಕಿತ್ತು ಎಂದು ಕೆಲವರಿಗೆ ಅನಿಸಬಹುದು. ಆದರೆ ಗಾಡಿಯ ದೋಷ ಹುಡುಕುವುದು ನಮ್ಮ ಅಕೌಂಟೆನ್ಸಿ ಪಾಠಕ್ಕೂ ಹತ್ತಿರದ್ದೇ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ನಾವು ಇಡೀ ಪುಸ್ತಕವನ್ನು ಹೊಸದಾಗಿ ಬರೆಯುವುದಿಲ್ಲ. ವ್ಯತ್ಯಾಸ ಎಷ್ಟು, ಅದು ಡೆಬಿಟ್ ಕಡೆಯೋ ಕ್ರೆಡಿಟ್ ಕಡೆಯೋ, ಯಾವ ಖಾತೆಯಲ್ಲಿದೆ ಎಂದು ಒಂದೊಂದಾಗಿ ನೋಡುತ್ತಾ ಹೋಗುತ್ತೇವೆ. ಇಂಜಿನ್ನಿನ ಮಿಸ್ಸಿಂಗ್ ಹುಡುಕುವ ಕ್ರಮವೂ ಇದೇ. ಈ ಕ್ರಮ ಬಿಟ್ಟು ಅಂದಾಜಿನ ಮೇಲೆ ಭಾಗ ಬದಲಿಸುತ್ತಾ ಹೋದರೆ ದುಡ್ಡು ಖರ್ಚಾಗುತ್ತದೆ, ದೋಷ ಮಾತ್ರ ಹಾಗೆಯೇ ಉಳಿಯುತ್ತದೆ.

ಮಿಸ್ಸಿಂಗ್ ಎಂದರೇನು?

"ಅಣ್ಣಾ, ಗಾಡಿ ಮಿಸ್ಸಿಂಗ್ ಹೊಡಿತೈತಿ" ಎಂಬ ಮಾತನ್ನು ಗ್ಯಾರೇಜಿನಲ್ಲಿ ನೀವು ಕೇಳಿರುತ್ತೀರಿ. ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ಮೂರು ಅಥವಾ ನಾಲ್ಕು ಸಿಲಿಂಡರ್‌ಗಳಿರುತ್ತವೆ. ಪ್ರತಿ ಸಿಲಿಂಡರ್‌ನಲ್ಲೂ ನಾಲ್ಕು ಹಂತದ ಕೆಲಸ ನಡೆಯುತ್ತದೆ: ಗಾಳಿ ಮತ್ತು ಪೆಟ್ರೋಲ್ ಒಳಗೆಳೆದುಕೊಳ್ಳುವುದು, ಅದನ್ನು ಒತ್ತುವುದು, ಕಿಡಿಯಿಂದ ಉರಿಸುವುದು, ಹೊಗೆಯನ್ನು ಹೊರಗೆ ತಳ್ಳುವುದು. ಜರ್ಮನಿಯ ನಿಕೋಲಸ್ ಓಟೋ 1876ರಲ್ಲಿ ಇಂಥ ಇಂಜಿನ್ ಓಡಿಸಿ ತೋರಿಸಿದ. ಇಂದಿನ ಪೆಟ್ರೋಲ್ ಕಾರುಗಳು ಈಗಲೂ ಅದೇ ನಾಲ್ಕು ಹಂತಗಳಲ್ಲಿ ಓಡುತ್ತವೆ.

ಇಂಜಿನ್ ಎರಡು ಸುತ್ತು ತಿರುಗಿದರೆ ಒಂದು ಸಿಲಿಂಡರ್ ಒಮ್ಮೆ ಉರಿಯುತ್ತದೆ. ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದು ಸಿಲಿಂಡರ್ ನಿಮಿಷಕ್ಕೆ 1,500 ಸಲ, ಅಂದರೆ ಸೆಕೆಂಡಿಗೆ 25 ಸಲ ಉರಿಯುತ್ತದೆ. ನಾಲ್ಕು ಸಿಲಿಂಡರ್ ಸೇರಿದರೆ ಸೆಕೆಂಡಿಗೆ 100 ಸಲ. ಇವುಗಳಲ್ಲಿ ಕೆಲವು ಸಲ ಸರಿಯಾಗಿ ಉರಿಯದೆ ತಪ್ಪಿಹೋಗುವುದೇ ಮಿಸ್ಸಿಂಗ್. ಆಗ ಗಾಡಿ ನಡುಗುತ್ತದೆ, ಜರ್ಕ್ ಹೊಡೆಯುತ್ತದೆ, ಪಿಕಪ್ ಬೀಳುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ.

ಒಂದು ಸಿಲಿಂಡರ್ ಸರಿಯಾಗಿ ಉರಿಯಲು ಮೂರು ಬೇಕು. ಸಮಯಕ್ಕೆ ಸರಿಯಾದ ಕಿಡಿ, ಗಾಳಿ ಮತ್ತು ಪೆಟ್ರೋಲಿನ ಸರಿಯಾದ ಅಳತೆ, ಸಾಕಷ್ಟು ಕಂಪ್ರೆಷನ್. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಮಿಸ್ಸಿಂಗಿಗೆ ನೂರು ಕಾರಣ ಹೇಳಬಹುದು, ಆದರೆ ಎಲ್ಲವೂ ಈ ಮೂರು ಖಾತೆಗಳೊಳಗೇ ಬರುತ್ತವೆ.

ಮೊದಲ ಹೆಜ್ಜೆ: ಯಾವಾಗ ಎಂದು ಕೇಳುವುದು

ಮಾಮು ಹುಡುಗರಿಗೆ ಹೇಳುವ ಮಾತು ಒಂದೇ: "ಪೈಲೇ ಸುನ್, ಬಾದ್ ಮೇ ಖೋಲ್." ಮೊದಲು ಕೇಳು, ಆಮೇಲೆ ಬಿಚ್ಚು ಎಂದು ಅರ್ಥ. ಡ್ರೈವರ್ ಕೊಡುವ ಉತ್ತರದಲ್ಲೇ ಅರ್ಧ ದಾರಿ ಸಿಗುತ್ತದೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನಡುಗಿ, ಬಿಸಿಯಾದ ಮೇಲೆ ಸರಿಹೋಗುತ್ತದೆಯೇ? ಪ್ಲಗ್, ಇಂಜೆಕ್ಟರ್ ಅಥವಾ ಸಿಲಿಂಡರಿನೊಳಗೆ ಸ್ವಲ್ಪ ಸ್ವಲ್ಪ ಸೋರುವ ಕೂಲಂಟ್ ನೋಡಬೇಕು. ತಣ್ಣಗಿದ್ದಾಗ ಚೆನ್ನಾಗಿದ್ದು ಅರ್ಧ ಗಂಟೆ ಓಡಿದ ಮೇಲೆ ಶುರುವಾಗುತ್ತದೆಯೇ? ಬಿಸಿಗೆ ಸೋಲುವ ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವುದರಿಂದ ಬಾನೆಟ್ ಒಳಗಿನ ಕಾಯಿಲ್‌ಗೆ ಆ ದಿನಗಳು ಪರೀಕ್ಷೆಯ ದಿನಗಳೇ. ನಿಂತಾಗ ನಡುಗಿ, ರೇಸ್ ಕೊಟ್ಟರೆ ಸರಿಹೋಗುತ್ತದೆಯೇ? ಎಲ್ಲೋ ಪೈಪ್ ಬಿರುಕು ಬಿಟ್ಟು ಹೊರಗಿನ ಗಾಳಿ ಎಳೆಯುತ್ತಿರಬಹುದು, ಹಿಸ್ ಎಂಬ ಸದ್ದು ಕೇಳಿಸುತ್ತದೆ. ಸಮತಟ್ಟು ರಸ್ತೆಯಲ್ಲಿ ಆರಾಮಾಗಿ ಓಡಿ, ಸಂಡೂರಿನ ಗುಡ್ಡದ ಏರಿನಲ್ಲಿ ಮಾತ್ರ ಜರ್ಕ್ ಹೊಡೆಯುತ್ತದೆಯೇ? ಏರು ಹತ್ತುವಾಗ ಸಿಲಿಂಡರಿನೊಳಗೆ ಒತ್ತಡ ಹೆಚ್ಚು. ಹೆಚ್ಚು ಒತ್ತಡದಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ದುರ್ಬಲ ಕಾಯಿಲ್ ಅಥವಾ ಸವೆದ ಪ್ಲಗ್ ಅಲ್ಲಿಯೇ ಸೋಲುತ್ತದೆ.

ಎರಡನೇ ಹೆಜ್ಜೆ: ಕಂಪ್ಯೂಟರ್ ಏನು ಹೇಳುತ್ತದೆ?

ಈಗಿನ ಕಾರುಗಳಲ್ಲಿ ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಇರುತ್ತದೆ. ಕ್ರಾಂಕ್ ಜೊತೆ ತಿರುಗುವ ಒಂದು ಹಲ್ಲಿನ ಚಕ್ರವನ್ನು ಸೆನ್ಸರ್ ಗಮನಿಸುತ್ತಿರುತ್ತದೆ. ಬಹಳ ಕಾರುಗಳಲ್ಲಿ ಆ ಚಕ್ರದಲ್ಲಿ 60 ಹಲ್ಲಿನ ಜಾಗವಿದ್ದು, ಗುರುತಿಗಾಗಿ ಎರಡು ಬಿಟ್ಟು 58 ಹಲ್ಲು ಇರುತ್ತವೆ. ಪ್ರತಿ ಸಿಲಿಂಡರ್ ಉರಿದಾಗಲೂ ಕ್ರಾಂಕ್‌ಗೆ ಒಂದು ದೂಡು ಸಿಗುತ್ತದೆ. ಯಾವುದೋ ಒಂದು ಸಿಲಿಂಡರ್ ಉರಿಯದಿದ್ದರೆ ಆ ಕ್ಷಣಕ್ಕೆ ಕ್ರಾಂಕ್ ಕೊಂಚ ನಿಧಾನವಾಗುತ್ತದೆ. ಆ ಅತಿ ಸಣ್ಣ ವ್ಯತ್ಯಾಸದಿಂದಲೇ ಕಂಪ್ಯೂಟರ್ ತಪ್ಪಿದ ಸಿಲಿಂಡರ್ ಯಾವುದೆಂದು ಗುರುತಿಸಿ ಕೋಡ್ ಬರೆದಿಡುತ್ತದೆ. ತುಂಬಾ ಹದಗೆಟ್ಟ ರಸ್ತೆಯ ಕುಲುಕಾಟವೂ ಹೀಗೆಯೇ ಕಾಣಬಹುದು. ಅದಕ್ಕಾಗಿ ಕೆಲವು ಕಾರುಗಳು ಚಕ್ರದ ಸೆನ್ಸರನ್ನೂ ನೋಡಿ, ಇದು ರಸ್ತೆಯ ಕುಲುಕಾಟ ಎಂದು ತಿಳಿದುಕೊಳ್ಳುತ್ತವೆ.

ಪಿ0301 ಎಂದರೆ ಮೊದಲ ಸಿಲಿಂಡರ್, ಪಿ0302 ಎಂದರೆ ಎರಡನೆಯದು, ಹೀಗೆಯೇ ಮುಂದೆ. ಪಿ0300 ಬಂದರೆ ಒಂದೇ ಸಿಲಿಂಡರ್ ಅಲ್ಲ, ಅಲ್ಲಲ್ಲಿ ತಪ್ಪುತ್ತಿದೆ ಎಂದು ಅರ್ಥ. ಆಗ ಎಲ್ಲಾ ಸಿಲಿಂಡರಿಗೂ ಸಂಬಂಧಿಸಿದ್ದನ್ನು ಮೊದಲು ನೋಡಬೇಕು: ಕೆಟ್ಟ ಪೆಟ್ರೋಲ್, ಕಡಿಮೆ ಪೆಟ್ರೋಲ್ ಒತ್ತಡ, ಗಾಳಿ ಸೋರಿಕೆ. ಸ್ಟೇರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅಲ್ಲಿ ಸ್ಕ್ಯಾನರ್ ಚುಚ್ಚಿದರೆ ಈ ಕೋಡ್ ಸಿಗುತ್ತದೆ. ಮೊಬೈಲ್‌ಗೆ ಬ್ಲೂಟೂತ್ ಮೂಲಕ ಸೇರುವ ಸಣ್ಣ ಸ್ಕ್ಯಾನರ್‌ಗಳೂ ಈಗ ಕಡಿಮೆ ಬೆಲೆಗೆ ಸಿಗುತ್ತವೆ.

ಇಲ್ಲಿ ಒಂದು ಮುಖ್ಯ ಮಾತು. ಕೋಡ್ ಯಾವ ಸಿಲಿಂಡರ್ ಎಂದಷ್ಟೇ ಹೇಳುತ್ತದೆ. ಯಾವ ಭಾಗ ಕೆಟ್ಟಿದೆ ಎಂದು ಅದು ಹೇಳುವುದಿಲ್ಲ. "ಸ್ಕ್ಯಾನರ್ ಪ್ಲಗ್ ಹೋಗಿದೆ ಅಂತ ಹೇಳಿತು" ಎಂದು ಯಾರಾದರೂ ಹೇಳಿದರೆ ಅದು ಅವರ ಊಹೆ.

ಮೂರನೇ ಹೆಜ್ಜೆ: ಅದಲು ಬದಲು ಪರೀಕ್ಷೆ

ನನಗೆ ಇಡೀ ಕ್ರಮದಲ್ಲಿ ತುಂಬಾ ಇಷ್ಟವಾದದ್ದು ಇದು, ಏಕೆಂದರೆ ಇದಕ್ಕೆ ಒಂದು ರೂಪಾಯಿಯ ಭಾಗವೂ ಬೇಡ. ಎರಡನೇ ಸಿಲಿಂಡರ್ ಮಿಸ್ಸಿಂಗ್ ಹೊಡೆಯುತ್ತಿದೆ ಎಂದುಕೊಳ್ಳಿ. ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಕಾಯಿಲ್ ಇರುವ ಕಾರಾದರೆ, ಎರಡನೆಯದರ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದನ್ನು ಎರಡನೆಯದಕ್ಕೆ ಹಾಕಬೇಕು. ಕೋಡ್ ಅಳಿಸಿ ಗಾಡಿ ಓಡಿಸಬೇಕು. ಈಗ ಪಿ0303 ಬಂದರೆ ದೋಷ ಕಾಯಿಲ್ ಜೊತೆಗೇ ಹೋಯಿತು, ಕಾಯಿಲ್ಲೇ ಕೆಟ್ಟಿದೆ. ಮತ್ತೆ ಪಿ0302 ಬಂದರೆ ಕಾಯಿಲ್ ನಿರಪರಾಧಿ. ಆಮೇಲೆ ಪ್ಲಗ್ ಅದಲು ಬದಲು, ಅದಾದ ಮೇಲೆ ಇಂಜೆಕ್ಟರ್. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ದೋಷ ಯಾವುದರದ್ದು ಎಂದು ಗೊತ್ತಾಗುವುದಿಲ್ಲ.

ಕೆಲವು ಕಾರುಗಳಲ್ಲಿ ಎರಡು ಸಿಲಿಂಡರಿಗೆ ಒಂದೇ ಕಾಯಿಲ್ ಇರುತ್ತದೆ, ಸಾಮಾನ್ಯವಾಗಿ 1 ಮತ್ತು 4ಕ್ಕೆ ಒಂದು, 2 ಮತ್ತು 3ಕ್ಕೆ ಇನ್ನೊಂದು. ಅಂಥ ಗಾಡಿಯಲ್ಲಿ ಒಂದೂ ನಾಲ್ಕೂ ಒಟ್ಟಿಗೆ ತಪ್ಪಿದರೆ ಆ ಕಾಯಿಲನ್ನೇ ಮೊದಲು ನೋಡಬೇಕು.

ಪ್ಲಗ್ ಬಿಚ್ಚಿದಾಗ ಅದರ ತುದಿಯನ್ನು ಓದಬಹುದು. ತಿಳಿ ಕಂದು ಅಥವಾ ಬೂದು ಬಣ್ಣವಿದ್ದರೆ ಆರೋಗ್ಯ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಉರಿಯೇ ಆಗುತ್ತಿಲ್ಲ. ಎಣ್ಣೆ ಜಿಡ್ಡು ಇದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಬಿಳಿಚಿಕೊಂಡು ಗುಳ್ಳೆ ಎದ್ದಿದ್ದರೆ ಅತಿಯಾದ ಬಿಸಿ. ಪಿಂಗಾಣಿಯ ಮೇಲೆ ಕೂದಲಿನಂಥ ಕಪ್ಪು ಗೆರೆ ಇದ್ದರೆ ಕಿಡಿ ತುದಿಗೆ ಹೋಗದೆ ಪಕ್ಕದಲ್ಲೇ ಸೋರಿಹೋಗುತ್ತಿದೆ.

ನಾಲ್ಕನೇ ಹೆಜ್ಜೆ: ಕಂಪ್ರೆಷನ್

ಕಿಡಿ, ಇಂಜೆಕ್ಟರ್ ಎರಡೂ ಸರಿ ಇದ್ದರೆ ಉಳಿದದ್ದು ಕಂಪ್ರೆಷನ್. ಪ್ಲಗ್ ಜಾಗದಲ್ಲಿ ಗೇಜ್ ಹಾಕಿ ಸೆಲ್ಫ್ ಹೊಡೆದು ನೋಡುತ್ತಾರೆ. ಅಂಕಿ ಎಷ್ಟಿರಬೇಕು ಎಂಬುದು ಗಾಡಿಯಿಂದ ಗಾಡಿಗೆ ಬೇರೆ. ಸಿಲಿಂಡರ್‌ಗಳ ನಡುವೆ ದೊಡ್ಡ ವ್ಯತ್ಯಾಸ ಇದೆಯೇ ಎಂಬುದೇ ಮುಖ್ಯ. ಒಂದರಲ್ಲಿ ಕಡಿಮೆ ಬಂದರೆ ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡುತ್ತಾರೆ. ಅಂಕಿ ಏರಿದರೆ ರಿಂಗ್ ಸವೆದಿದೆ, ಏಕೆಂದರೆ ಆಯಿಲ್ ಆ ಸಂದನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು. ಅಕ್ಕಪಕ್ಕದ ಎರಡು ಸಿಲಿಂಡರ್‌ಗಳಲ್ಲಿ ಒಟ್ಟಿಗೆ ಕಡಿಮೆಯಾಗಿ, ಕೂಲಂಟ್ ಕೂಡ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಬಲವಾದ ಅನುಮಾನ. ಇದು ದೊಡ್ಡ ಕೆಲಸ. ಅದಕ್ಕೇ ಇದನ್ನು ಕೊನೆಗೆ ನೋಡುವುದು.

ಡೀಸೆಲ್ ಗಾಡಿಗೆ ಕಿಡಿಯೇ ಇಲ್ಲ, ಒತ್ತಿದ ಬಿಸಿ ಗಾಳಿಯಲ್ಲೇ ಡೀಸೆಲ್ ಉರಿಯುತ್ತದೆ. ಅಲ್ಲಿ ಇಂಜೆಕ್ಟರ್, ಡೀಸೆಲ್ ಒತ್ತಡ ಮತ್ತು ಕಂಪ್ರೆಷನ್ ಇಷ್ಟೇ ಖಾತೆಗಳು.

ನಮ್ಮ ಊರಿನ ಕಾರಣಗಳು

ಪುಸ್ತಕದಲ್ಲಿ ಇಲ್ಲದ ಕೆಲವು ಕಾರಣಗಳು ನಮ್ಮ ನಾಲ್ಕು ಊರುಗಳ ರಸ್ತೆಯಲ್ಲಿ ಸಿಗುತ್ತವೆ.

ಸಂಡೂರು ಎಂದರೆ ಕಬ್ಬಿಣದ ಅದಿರಿನ ಕೆಂಪು ಧೂಳು. ಏರ್ ಫಿಲ್ಟರ್ ಕಟ್ಟಿಕೊಂಡರೆ ಪಿಕಪ್ ಕಡಿಮೆಯಾಗುತ್ತದೆ. ಅದಕ್ಕಿಂತ ಅಪಾಯ ಫಿಲ್ಟರ್ ಹರಿದಿದ್ದರೆ, ಅಥವಾ ಅದರ ಡಬ್ಬಿಯ ಕ್ಲಿಪ್ ಸರಿಯಾಗಿ ಕೂರದಿದ್ದರೆ. ಆಗ ಧೂಳು ನೇರ ಒಳಗೆ ಹೋಗಿ ರಿಂಗ್ ಮತ್ತು ಸಿಲಿಂಡರ್ ಗೋಡೆಯನ್ನು ಉಜ್ಜುತ್ತದೆ, ಕಾಲಕ್ರಮದಲ್ಲಿ ಕಂಪ್ರೆಷನ್ ಬೀಳುತ್ತದೆ. ಗಣಿ ರಸ್ತೆಯಲ್ಲಿ ಓಡುವ ಗಾಡಿಗೆ ಕಂಪನಿ ಪುಸ್ತಕದಲ್ಲಿ ಹೇಳಿದ ಕಿಲೋಮೀಟರ್‌ಗಿಂತ ಬೇಗ ಫಿಲ್ಟರ್ ಬದಲಿಸಬೇಕು.

ಈ ಧೂಳಿನಿಂದಲೇ ಇನ್ನೊಂದು ತೊಂದರೆ ಹುಟ್ಟುತ್ತದೆ. ಬಾನೆಟ್ ಒಳಗೆಲ್ಲ ಕೆಂಪಾಗಿದೆ ಎಂದು ವಾಟರ್ ಸರ್ವಿಸ್‌ನಲ್ಲಿ ಇಂಜಿನ್ ಮೇಲೆ ಜೋರಾಗಿ ನೀರು ಹೊಡೆಸುತ್ತಾರೆ. ಕಾಯಿಲ್ ಕೂತಿರುವ ಆಳದ ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಗಾಡಿ ಆಗಿನಿಂದಲೇ ನಡುಗುತ್ತದೆ. ಕಾಯಿಲ್ ಎತ್ತಿ ಗುಂಡಿಯ ನೀರನ್ನು ಗಾಳಿಯಿಂದ ಊದಿ ಒಣಗಿಸಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಕಂಪ್ಲಿಯಲ್ಲಿ ತುಂಗಭದ್ರಾ ನೀರಿನ ಭತ್ತದ ಗದ್ದೆಗಳು. ಗದ್ದೆ, ಗೋದಾಮುಗಳ ಪಕ್ಕ ರಾತ್ರಿ ನಿಲ್ಲಿಸಿದ ಕಾರಿನ ಇಂಜಿನ್ ಬೆಚ್ಚಗಿರುವುದರಿಂದ ಇಲಿಗಳು ಒಳಗೆ ಸೇರಿ ವೈರ್ ಕಡಿಯುತ್ತವೆ. ಇಂಜೆಕ್ಟರಿನ ಒಂದು ಸಣ್ಣ ವೈರ್ ತುಂಡಾದರೆ ಆ ಸಿಲಿಂಡರ್ ಸತ್ತಂತೆ. ಹೊಸ ಇಂಜೆಕ್ಟರ್ ತರುವ ಮೊದಲು ಟಾರ್ಚ್ ಹಿಡಿದು ವೈರ್ ನೋಡುವುದು ಲಾಭ. ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗುವುದು ನಮಗೆಲ್ಲ ಗೊತ್ತು. ನಿಂತ ನೀರಿನಲ್ಲಿ ಗಾಡಿ ನುಗ್ಗಿಸಿದರೆ ಮಿಸ್ಸಿಂಗ್ ಚಿಕ್ಕ ಮಾತು, ಸಿಲಿಂಡರಿಗೆ ನೀರು ಹೋದರೆ ಇಂಜಿನ್ನೇ ಹೋಗುತ್ತದೆ.

ಹಂಪಿಯಲ್ಲಿ ಕಾಯುವುದೇ ಕೆಲಸ. ವಿಜಯ ವಿಠ್ಠಲ ದೇವಸ್ಥಾನಕ್ಕೆ ಹೋಗುವ ಪ್ರವಾಸಿಗರು ಗೆಜ್ಜಲ ಮಂಟಪದ ಬಳಿ ಇಳಿದು ಬ್ಯಾಟರಿ ಗಾಡಿ ಹತ್ತುತ್ತಾರೆ. ಡ್ರೈವರ್‌ಗಳು ಬಿಸಿಲಿಗೆ ಎಸಿ ಹಾಕಿಕೊಂಡು ಇಂಜಿನ್ ಚಾಲೂ ಇಟ್ಟು ಕೂರುತ್ತಾರೆ. ಹೀಗೆ ಗಂಟೆಗಟ್ಟಲೆ ನಿಂತಲ್ಲೇ ಓಡಿದ ಇಂಜಿನ್ನಿನ ಪ್ಲಗ್ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುವಷ್ಟು ಬಿಸಿಯಾಗದೆ ಕರಿ ಹಿಡಿಯಬಹುದು. ಆ ಬ್ಯಾಟರಿ ಗಾಡಿಗೆ ಪ್ಲಗ್ಗೂ ಇಲ್ಲ, ಮಿಸ್ಸಿಂಗೂ ಇಲ್ಲ ಎಂದು ಅಬ್ಬಾ ನಗುತ್ತಾರೆ.

ಇನ್ನೊಂದು, ಪೆಟ್ರೋಲ್. ಈಗ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಬೆರೆಸುತ್ತಾರೆ. ಇದನ್ನು ಕಬ್ಬು ಮತ್ತು ಧಾನ್ಯಗಳಿಂದ ಮಾಡುತ್ತಾರೆ. ಎಥೆನಾಲ್ ನೀರನ್ನು ಸೆಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ನೀರು ಮತ್ತು ಎಥೆನಾಲ್ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಪಂಪ್ ಎಳೆಯುವುದು ತಳದಿಂದಲೇ. ಪೆಟ್ರೋಲ್ ಹಾಕಿಸಿದ ಸ್ವಲ್ಪ ಹೊತ್ತಿಗೆ ಎಲ್ಲಾ ಸಿಲಿಂಡರ್ ತಪ್ಪತೊಡಗಿದರೆ ಮೊದಲು ಟ್ಯಾಂಕಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ತೆಗೆದು ನೋಡಬೇಕು.

ನಮ್ಮ ಮನೆಯ ಲೆಕ್ಕ

ಕಳೆದ ಪ್ರವಾಸಿ ಹಂಗಾಮಿನಲ್ಲಿ ಅಬ್ಬಾನ ಗಾಡಿ ಸಂಡೂರಿನ ಏರಿನಲ್ಲಿ ಮಿಸ್ಸಿಂಗ್ ಹೊಡೆಯಲು ಶುರುವಾಯಿತು. ಹಿಂದೆ ಅದಿರಿನ ಲಾರಿ, ಮುಂದೆ ತಿರುವು, ಆಗ ಗಾಡಿ ಎಳೆಯದಿದ್ದರೆ ಎಷ್ಟು ಅಪಾಯ ಎಂದು ಆ ರಸ್ತೆಯಲ್ಲಿ ಹೋದವರಿಗೆ ಗೊತ್ತು. ಮಾಮು ಊರಲ್ಲಿ ಇರಲಿಲ್ಲ. ಬೇರೊಂದು ಗ್ಯಾರೇಜಿನಲ್ಲಿ ನಾಲ್ಕೂ ಪ್ಲಗ್ ಬದಲಿಸಿದರು, ಕೂಲಿ ಸೇರಿ 1,200 ರೂಪಾಯಿ. ಮಿಸ್ಸಿಂಗ್ ಹೋಗಲಿಲ್ಲ. ಇಂಜೆಕ್ಟರ್ ಕ್ಲೀನ್ ಮಾಡಿದರು, 1,600 ರೂಪಾಯಿ. ಆಗಲೂ ಹೋಗಲಿಲ್ಲ. ಪೆಟ್ರೋಲ್ ಪಂಪ್ ಬದಲಿಸಬೇಕು, 7,000 ಆಗುತ್ತದೆ ಎಂದರು. ಅಷ್ಟರಲ್ಲಿ ಎರಡು ದಿನದ ಬಾಡಿಗೆ ಕೈತಪ್ಪಿತ್ತು, ತಿಂಗಳ ಕಂತು ಮಾತ್ರ ತಪ್ಪುವಂತಿರಲಿಲ್ಲ.

ಮಾಮು ಬಂದವರು ಸ್ಕ್ಯಾನರ್ ಹಾಕಿದರು. ಪಿ0302. "ಪಂಪ್ ಕೆಟ್ಟಿದ್ದರೆ ನಾಲ್ಕೂ ಸಿಲಿಂಡರಿಗೆ ಪೆಟ್ರೋಲ್ ಕಡಿಮೆ ಆಗಬೇಕಲ್ಲ ಭಾಯಿಜಾನ್, ಒಂದೇ ಯಾಕೆ ತಪ್ಪುತ್ತೆ?" ಎಂದು ಅಬ್ಬಾನನ್ನು ಕೇಳಿದರು. ಇಂಜಿನ್ ಆರಿದ ಮೇಲೆ 10ರ ಪಾನಾದಿಂದ ಎರಡು ಬೋಲ್ಟ್ ಬಿಚ್ಚಿ, ಎರಡು ಮತ್ತು ಮೂರನೇ ಕಾಯಿಲ್ ಅದಲು ಬದಲು ಮಾಡಿದರು. ಏರು ಹತ್ತಿಸಿ ಬಂದಾಗ ಕೋಡ್ ಪಿ0303 ಆಗಿತ್ತು. ಹೊಸ ಕಾಯಿಲ್ 1,800 ರೂಪಾಯಿ. ಅಲ್ಲಿಗೆ ಮುಗಿಯಿತು.

ಒಟ್ಟು ಖರ್ಚು 4,600. ದೋಷಕ್ಕೆ ಬೇಕಾಗಿದ್ದದ್ದು 1,800. ಮಾಮು ಹೇಳಿದ ನ್ಯಾಯದ ಮಾತನ್ನೂ ಬರೆಯುತ್ತೇನೆ: ಹಳೆಯ ಪ್ಲಗ್‌ಗಳು 35,000 ಕಿ.ಮೀ. ಓಡಿದ್ದವು, ಅವು ಸಾಮಾನ್ಯ ನಿಕ್ಕಲ್ ಪ್ಲಗ್ ಆಗಿದ್ದರಿಂದ ಹೇಗೂ ಬದಲಿಸುವ ಸಮಯವಾಗಿತ್ತು. ಆದ್ದರಿಂದ ಪ್ಲಗ್ ಖರ್ಚನ್ನು ಮೇಂಟೆನೆನ್ಸ್ ಖಾತೆಗೆ ಹಾಕಬಹುದು. ಇಂಜೆಕ್ಟರ್ ಖರ್ಚು ಮತ್ತು ಎರಡು ದಿನದ ಬಾಡಿಗೆ ಮಾತ್ರ ನಷ್ಟದ ಖಾತೆಗೆ. ಹೋದ ದುಡ್ಡನ್ನು ನೋಡಿ, ಇಷ್ಟು ಹಾಕಿದ್ದೇವೆ ಇನ್ನೊಂದು ಏಳು ಸಾವಿರ ಹಾಕೋಣ ಎಂದು ಅಬ್ಬಾ ಒಪ್ಪಿಬಿಟ್ಟಿದ್ದರೆ ನಷ್ಟ ಇನ್ನೂ ಬೆಳೆಯುತ್ತಿತ್ತು.

ಓಡಿಸಿಕೊಂಡು ಹೋಗಬಹುದೇ?

"ಸ್ವಲ್ಪ ನಡುಗುತ್ತೆ, ಸೀಸನ್ ಮುಗಿದ ಮೇಲೆ ತೋರಿಸೋಣ" ಎನ್ನುವವರು ಬಹಳ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಒಳಗಿನ ಜೇನುಗೂಡಿನಂಥ ಪಿಂಗಾಣಿ ಕರಗುವಷ್ಟು ಬಿಸಿಯಾಗಬಹುದು. ಅದರ ಮೇಲೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂನಂಥ ದುಬಾರಿ ಲೋಹಗಳ ಲೇಪ ಇರುತ್ತದೆ. ಆದ್ದರಿಂದ ಕಾಯಿಲ್‌ಗೆ ಉಳಿಸಿದ ದುಡ್ಡಿನ ಹಲವು ಪಟ್ಟು ಅಲ್ಲಿ ಹೋಗುತ್ತದೆ. ಚೆಕ್ ಇಂಜಿನ್ ಲೈಟ್ ಸುಮ್ಮನೆ ಹತ್ತಿಕೊಂಡಿದ್ದರೆ ಬೇಗ ತೋರಿಸಿ. ಮಿಣುಕುತ್ತಿದ್ದರೆ ವೇಗ ಇಳಿಸಿ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಮಿಣುಕುವುದು ಎಂದರೆ ಕನ್ವರ್ಟರ್ ಸುಡುವಷ್ಟು ಮಿಸ್ಸಿಂಗ್ ಆಗುತ್ತಿದೆ ಎಂಬ ಎಚ್ಚರಿಕೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಗಾಡಿಗಳಲ್ಲಿ ಹೊಗೆಯ ನಿಯಮ ಇನ್ನೂ ಬಿಗಿ.

ಕೈಯಾರೆ ನೋಡುವ ಆಸೆ ಇರುವ ಗೆಳೆಯರಿಗೆ ಒಂದು ಎಚ್ಚರಿಕೆ. ಹಿಂದೆ ಚಾಲೂ ಇಂಜಿನ್ನಿನಲ್ಲಿ ಪ್ಲಗ್ ವೈರ್ ಎಳೆದು ಯಾವ ಸಿಲಿಂಡರ್ ಸತ್ತಿದೆ ಎಂದು ನೋಡುತ್ತಿದ್ದರು. ಈಗ ಹಾಗೆ ಮಾಡಬೇಡಿ. ಕಾಯಿಲ್ ಬ್ಯಾಟರಿಯ 12 ವೋಲ್ಟನ್ನು ಸಾವಿರಾರು ವೋಲ್ಟ್‌ಗೆ ಏರಿಸುತ್ತದೆ, ಶಾಕ್ ಹೊಡೆಯುತ್ತದೆ, ಕಾಯಿಲ್ಲೂ ಹಾಳಾಗಬಹುದು. ಇಂಜಿನ್ ನಿಲ್ಲಿಸಿ, ಕೀ ತೆಗೆದು, ಆರಿದ ಮೇಲೆ, ಗೊತ್ತಿರುವವರ ಜೊತೆಯಲ್ಲೇ ಕೈ ಹಾಕಿ.

ಗ್ಯಾರೇಜಿನಲ್ಲಿ ಕೇಳಬೇಕಾದ ನಾಲ್ಕು ಪ್ರಶ್ನೆಗಳು

1. ಯಾವ ಸಿಲಿಂಡರ್ ತಪ್ಪುತ್ತಿದೆ? ಕೋಡ್ ಏನು ಬಂದಿದೆ?
2. ಈ ಭಾಗವೇ ಕೆಟ್ಟಿದೆ ಎಂದು ಯಾವ ಪರೀಕ್ಷೆಯಿಂದ ಗೊತ್ತಾಯಿತು?
3. ಬದಲಿಸುವ ಮೊದಲು ಪಕ್ಕದ ಸಿಲಿಂಡರಿಗೆ ಹಾಕಿ ನೋಡಿದಿರಾ?
4. ಬಿಚ್ಚಿದ ಹಳೆಯ ಭಾಗ ಮತ್ತು ಬಿಲ್ ಕೊಡುತ್ತೀರಾ?

ಈ ಪ್ರಶ್ನೆಗಳನ್ನು ಮರ್ಯಾದೆಯಿಂದ ಕೇಳಿದರೆ ಒಳ್ಳೆಯ ಮೆಕ್ಯಾನಿಕ್ ಬೇಸರ ಮಾಡಿಕೊಳ್ಳುವುದಿಲ್ಲ. ಇನ್ನೊಂದು ಕಡೆಯಿಂದ ನಾವೂ ನ್ಯಾಯವಾಗಿರಬೇಕು. ಹುಡುಕುವುದಕ್ಕೆ ಒಂದು ಗಂಟೆ ತೆಗೆದುಕೊಂಡು ಸಣ್ಣ ವೈರ್ ಜೋಡಿಸಿ ಸರಿಮಾಡಿದವರಿಗೆ "ಏನೂ ಹಾಕಿಲ್ಲವಲ್ಲ, ಯಾಕೆ ದುಡ್ಡು?" ಎಂದು ಕೇಳುವ ಗಿರಾಕಿಗಳಿದ್ದಾರೆ. ಹೊಸ ಭಾಗಕ್ಕೆ ಮಾತ್ರ ದುಡ್ಡು ಕೊಡುತ್ತೇವೆ, ಹುಡುಕಿದ ಕೆಲಸಕ್ಕೆ ಕೊಡುವುದಿಲ್ಲ ಎಂದರೆ ಗ್ಯಾರೇಜಿನವರು ಭಾಗ ಬದಲಿಸುವುದನ್ನೇ ಕಲಿಯುತ್ತಾರೆ. ನಿಮ್ಮ ಮನೆಯ ಗಾಡಿ ಮುಂದಿನ ಸಲ ನಡುಗಿದಾಗ ಈ ನಾಲ್ಕು ಪ್ರಶ್ನೆಗಳನ್ನು ಅಬ್ಬಾಗೋ ಅಣ್ಣನಿಗೋ ಓದಿ ಹೇಳಿ, ಮತ್ತು ಹುಡುಕಿಕೊಟ್ಟವರ ಕೂಲಿಯನ್ನು ಬಿಲ್ಲಿನಲ್ಲಿ ಬೇರೆ ಸಾಲಿನಲ್ಲಿ ಬರೆಸಿ ಸಂತೋಷದಿಂದ ಕೊಡಿ.